ಹಳೇ ಮಾದರಿ ಸ್ಪೋರ್ಟ್ಸ್ ಕಾರು: ಮುಂದಿನ ಗ್ಲಾಸು ಒಡೆದರೆ ಏನು ಮಾಡಬೇಕು?

ಬಾಗಲೂರು: ಹೊಸೂರಿನಿಂದ ಬಾಗಲೂರು ದಾಟಿ ಮಾಲೂರಿಗೆ ಹೋಗುವ ರಸ್ತೆಯಲ್ಲಿ ಜಲ್ಲಿ ಲಾರಿ, ಗ್ರಾನೈಟ್ ಲಾರಿ, ಇಟ್ಟಿಗೆ ಲಾರಿಗಳ ಹಿಂದೆ ಗಾಡಿ ಓಡಿಸಿದವರಿಗೆ ಆ ಸದ್ದು ಗೊತ್ತು. 'ಟಪ್' ಅಂತ ಒಂದೇ ಒಂದು ಸದ್ದು. ನೋಡಿದರೆ ಮುಂದಿನ ಗ್ಲಾಸಿನ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಗುರುತು. ಮಾರುತಿಯೋ ಟಾಟಾ ಗಾಡಿಯೋ ಆದರೆ ಹೊಸೂರಿಗೆ ಹೋಗಿ ಬೇರೆ ಗ್ಲಾಸು ಹಾಕಿಸಿಕೊಂಡು ಸಂಜೆಗೆ ಮನೆ ಸೇರಬಹುದು. ಅದೇ ಕಲ್ಲು ಹಳೆಯ ಎಂ.ಜಿ.ಗೋ, ಮಡಚುವ ಗ್ಲಾಸಿನ ಜೀಪಿಗೋ, ಹಳೇ ಮಾದರಿಯಲ್ಲಿ ಕಟ್ಟಿದ ಎರಡು ಸೀಟಿನ ತೆರೆದ ಕಾರಿಗೋ ಬಡಿದರೆ ಕಥೆಯೇ ಬೇರೆ. ಆ ಗ್ಲಾಸು ಯಾವ ಶೋರೂಮಿನಲ್ಲೂ ಸಿಗುವುದಿಲ್ಲ. ಸಿಕ್ಕರೂ ಅದನ್ನು ಕೂರಿಸುವಾಗ ಅರ್ಧ ಸುತ್ತು ಸ್ಕ್ರೂ ಹೆಚ್ಚಾದರೆ ಹೊಸ ಗ್ಲಾಸೂ ಕೈಯಲ್ಲೇ ಬಿರುಕು ಬಿಡುತ್ತದೆ.

ಹಳೇ ಕಾರು ದೊಡ್ಡವರ ಷೋಕಿ, ನಮಗೇಕೆ ಎನ್ನಬೇಡಿ. ಬೆಂಗಳೂರು ಬೆಳೆದು ಸರ್ಜಾಪುರ ದಾಟಿ ಈ ಕಡೆಗೆ ಬಂದಿದೆ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ಟಿವಿಎಸ್ ಕಾರ್ಖಾನೆಗಳು ಸುಮಾರು 1980ರಿಂದ ನಡೆಯುತ್ತಿವೆ, ಹಾಗಾಗಿ ಸ್ಪ್ಯಾನರ್ ಹಿಡಿಯಲು ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಜತೆಗೆ, ಈ ಗ್ಲಾಸಿನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ವಿಷಯ ತೋಟದ ಮನೆಯ ಹಳೇ ಮಹೀಂದ್ರ ಜೀಪಿಗೂ ಹಾಗೇ ಅನ್ವಯಿಸುತ್ತದೆ.

ಒಂದು ಮಾತು ಮೊದಲೇ. ಅಂಗಡಿಗೆ ಹೋಗಿ 'ಕನ್ನಡಿ ಬೇಕು' ಎಂದರೆ ನಮ್ಮವರು ಮುಖ ನೋಡುವ ಕನ್ನಡಿ ತೋರಿಸುತ್ತಾರೆ. ತಮಿಳಿನಲ್ಲಿ 'ಕಣ್ಣಾಡಿ' ಎಂದರೆ ಗಾಜು, ಕನ್ನಡಿ, ಮೂಗಿನ ಮೇಲಿನ ಕನ್ನಡಕ ಮೂರೂ ಹೌದು. ತೆಲುಗಿನ 'ಅದ್ದಂ' ಕೂಡ ಅಷ್ಟೆ. ಮೂರು ಭಾಷೆಯ ಊರಿನಲ್ಲಿ 'ವಿಂಡ್‌ಶೀಲ್ಡ್, ಲ್ಯಾಮಿನೇಟೆಡ್' ಎಂಬ ಎರಡು ಇಂಗ್ಲಿಷ್ ಪದಗಳನ್ನೇ ಹೇಳುವುದು ಕ್ಷೇಮ. ಎರಡನೆಯ ಪದವನ್ನಂತೂ ಮರೆಯಲೇಬಾರದು. ಏಕೆಂದು ಮುಂದೆ ನೋಡೋಣ.

ಮೂರು ಬಗೆಯ ಗಾಜು

ಮನೆಯ ಕಿಟಕಿಗೆ ಹಾಕುವ ಸಾದಾ ಗಾಜು ಒಡೆದರೆ ಕತ್ತಿಯಂಥ ಉದ್ದನೆಯ ಚೂರುಗಳಾಗುತ್ತದೆ. ಕಾರು ಹುಟ್ಟಿದ ಹೊಸತರಲ್ಲಿ ಇದೇ ಗಾಜನ್ನು ಹಾಕುತ್ತಿದ್ದರು. ಅಪಘಾತಕ್ಕಿಂತ ಗಾಜಿನಿಂದಲೇ ಮುಖ, ಕುತ್ತಿಗೆ ಕೊಯ್ದುಕೊಂಡವರು ಆಗ ಬಹಳ. ಇದಕ್ಕೆ ಉತ್ತರ ಸಿಕ್ಕಿದ್ದು ಕೈತಪ್ಪಿ ಬಿದ್ದ ಒಂದು ಬಾಟಲಿಯಿಂದ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಎಂಬ ಕಲಾವಿದ, ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಪಾತ್ರೆ ಕೆಳಗೆ ಬಿತ್ತು. ಒಡೆಯಿತು, ಆದರೆ ಚೂರುಗಳು ಚೆಲ್ಲಲಿಲ್ಲ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಅವನ್ನು ಹಿಡಿದಿಟ್ಟಿತ್ತು. ಎರಡು ಗಾಜಿನ ನಡುವೆ ಅಂಥದೇ ಪದರ ಅಂಟಿಸಿ ಆತ 1909ರಲ್ಲಿ ಪೇಟೆಂಟ್ ಪಡೆದ. ಮೂರು ಪದರ ಇದ್ದದ್ದರಿಂದ 'ಟ್ರಿಪ್ಲೆಕ್ಸ್' ಎಂಬ ಹೆಸರು ಬಂತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗ್ಯಾಸ್ ಮಾಸ್ಕಿನ ಕಣ್ಣಿಗೂ ಇದೇ ಗಾಜು. 1927ರ ಕೊನೆಯಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರಿನ ಮುಂದೆ ಇಂಥ ಗಾಜು ಇತ್ತು.

ಲ್ಯಾಮಿನೇಟೆಡ್ ಗ್ಲಾಸು ಎಂದರೆ ಇದೇ. ಈಗ ನಡುವಿನ ಪದರ ಪಿವಿಬಿ ಎಂಬ ಪ್ಲಾಸ್ಟಿಕ್. ಕಾರಿನ ಗ್ಲಾಸಿನಲ್ಲಿ ಅದರ ದಪ್ಪ ಸಾಮಾನ್ಯವಾಗಿ 0.76 ಮಿ.ಮೀ. ಕಲ್ಲು ಬಿದ್ದರೆ ಗಾಜು ಬಿರಿಯುತ್ತದೆ, ಆದರೆ ಚೂರು ಒಳಗೆ ಹಾರುವುದಿಲ್ಲ. ಒಳಗಿದ್ದವರ ತಲೆ ಬಡಿದರೂ ಪದರ ಜಗ್ಗಿ ಹಿಡಿಯುತ್ತದೆ. ರಸ್ತೆಯೂ ಕಾಣುತ್ತಿರುತ್ತದೆ.

ಮೂರನೆಯದು ಟಫನ್ಡ್ ಗ್ಲಾಸು. ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ಎರಡೂ ಕಡೆಯಿಂದ ರಭಸವಾಗಿ ತಣ್ಣನೆ ಗಾಳಿ ಊದಿದರೆ ಹೊರಮೈ ಬೇಗ ಗಟ್ಟಿಯಾಗುತ್ತದೆ, ಒಳಗಿನದು ನಿಧಾನವಾಗಿ ಕುಗ್ಗುತ್ತದೆ. ಹೊರಮೈ ಒತ್ತಡದಲ್ಲಿ, ಒಳಗು ಎಳೆತದಲ್ಲಿ ನಿಂತುಬಿಡುತ್ತವೆ. ಸಾದಾ ಗಾಜಿಗಿಂತ ಹಲವು ಪಟ್ಟು ಗಟ್ಟಿ. ಆದರೆ ಅಂಚಿನಲ್ಲಿ ಒಂದು ಕಡೆ ಆ ಬಿಗಿ ತಪ್ಪಿದರೆ ಇಡೀ ಗಾಜು ಒಂದೇ ಕ್ಷಣದಲ್ಲಿ ಕಲ್ಲುಸಕ್ಕರೆಯಂಥ ತುಣುಕುಗಳಾಗುತ್ತದೆ. ಬಾಗಿಲಿನ ಗ್ಲಾಸಿಗೆ ಇದು ಒಳ್ಳೆಯದೇ. ಮುಂದಿನ ಗ್ಲಾಸಿಗೆ ಅಲ್ಲ. ಐವತ್ತು ಅರವತ್ತರ ವೇಗದಲ್ಲಿ ಹೋಗುವಾಗ ಗ್ಲಾಸು ಪೂರ್ತಿ ಬೆಳ್ಳಗಾಗಿ, ಕಣ್ಣಿಗೆ ಬಟ್ಟೆ ಕಟ್ಟಿದಂತಾಗುತ್ತದೆ. ಹಳೆಯ ಕಾರುಗಳಲ್ಲಿ ಇಂಥ ಗ್ಲಾಸು ಎಷ್ಟೋ ಇವೆ. ಹಿಂದಿನ ಡ್ರೈವರುಗಳು ಕೈಮುಷ್ಟಿಯಿಂದ ಗುದ್ದಿ ತೂತು ಮಾಡಿ ರಸ್ತೆ ನೋಡುತ್ತಿದ್ದ ಕಥೆಗಳು ಇದರವೇ. ಅದು ಸಾಹಸ ಸರಿ, ಕೈ ಉಳಿಯುವ ಭರವಸೆ ಇಲ್ಲ. ಹಾಗಾದಾಗ ಬ್ರೇಕನ್ನು ಒಮ್ಮೆಲೇ ತುಳಿಯದೆ ವೇಗ ಇಳಿಸಿ, ಪಕ್ಕದ ಕಿಟಕಿಯಿಂದ ನೋಡಿಕೊಂಡು ಎಡಕ್ಕೆ ಸರಿದು ನಿಲ್ಲಿಸಬೇಕು.

ನಿಮ್ಮ ಗಾಡಿಯಲ್ಲಿರುವುದು ಯಾವುದು ಎಂದು ತಿಳಿಯಲು ಗ್ಲಾಸಿನ ಕೆಳಮೂಲೆಯ ಮುದ್ರೆ ನೋಡಿ. ಲ್ಯಾಮಿನೇಟೆಡ್, ಟಫನ್ಡ್ ಎಂದು ಬರೆದಿರುತ್ತದೆ. ನಮ್ಮ ದೇಶದ ಗ್ಲಾಸಿನಲ್ಲಿ ಐಎಸ್ 2553 ಎಂಬ ಸಂಖ್ಯೆ ಇರಬೇಕು. ಇಂಗ್ಲೆಂಡಿನ ಹಳೆಯ ಟ್ರಿಪ್ಲೆಕ್ಸ್ ಗ್ಲಾಸಿನಲ್ಲಿ ಆ ಅಕ್ಷರಗಳ ಹತ್ತಿರ ಚುಕ್ಕಿಗಳಿರುತ್ತವೆ. ಅವುಗಳಿಂದ ಗ್ಲಾಸು ತಯಾರಾದ ಕಾಲ ಗೊತ್ತಾಗುತ್ತದೆ. ಮುದ್ರೆಯೇ ಇಲ್ಲವೆಂದರೆ ಯಾರೋ ಹಿಂದೆ ಕಿಟಕಿ ಗಾಜು ಹಾಕಿಸಿರುವ ಅನುಮಾನ ಪಡಬೇಕು. ಅಂಥ ಗಾಜು ಒಡೆಯುವ ತನಕ ಕಾಯುವುದೇ ಬೇಡ, ಇಂದೇ ತೆಗೆಸಿ.

ತೆರೆದ ಕಾರಿನ ಗ್ಲಾಸು ಏಕೆ ಬೇಗ ಒಡೆಯುತ್ತದೆ?

ಮಾಮೂಲಿ ಕಾರಿನಲ್ಲಿ ಗ್ಲಾಸಿನ ಸುತ್ತ ಛಾವಣಿ, ಕಂಬ ಇರುತ್ತವೆ. ತೆರೆದ ಕಾರಿನಲ್ಲಿ ಅದು ಒಂಟಿ. ಗಾಳಿಯ ಹೊಡೆತ ಅದರ ಮೇಲೆ, ಕ್ಯಾನ್ವಾಸ್ ಹುಡ್ಡಿನ ಎಳೆತ ಅದರ ಮೇಲೆ. ಅದೂ ಸಾಲದೆಂದು ಹತ್ತಿ ಇಳಿಯುವವರೆಲ್ಲ ಆ ಫ್ರೇಮನ್ನೇ ಹಿಡಿದು ಜಗ್ಗುತ್ತಾರೆ. ಮದುವೆ ಮೆರವಣಿಗೆಯ ಜೀಪನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮದುಮಗನನ್ನು ಬಿಟ್ಟು ಉಳಿದವರೆಲ್ಲರ ಕೈ ಆ ಫ್ರೇಮಿನ ಮೇಲೇ ಇರುತ್ತದೆ.

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎಂ.ಜಿ. ಟಿಸಿಯನ್ನು ತೆಗೆದುಕೊಳ್ಳಿ. 1945ರಿಂದ ಸುಮಾರು ಹತ್ತು ಸಾವಿರ ಕಾರು ಮಾಡಿದರು. ಅದರ ಮೈಗೆ ಒಳಗಿನ ಆಧಾರ ಮರದ ಚೌಕಟ್ಟು. ಮುಂದೆ ಲೋಹದ ಫ್ರೇಮಿನಲ್ಲಿ ಚಪ್ಪಟೆ ಗ್ಲಾಸು. ಎರಡು ಪಕ್ಕದ ನಟ್ ಸಡಿಲಿಸಿದರೆ ಫ್ರೇಮು ಮುಂದಕ್ಕೆ ಮಲಗುತ್ತದೆ. ನಂತರದ ಟಿಡಿ ಕಾರಿನಲ್ಲೂ ಹಾಗೇ. ಕಾರು ಹಳತಾದಂತೆ ಮರ ಒಣಗಿ ಬೋಲ್ಟುಗಳು ಸಡಿಲವಾಗುತ್ತವೆ, ಹಳ್ಳದ ರಸ್ತೆಯಲ್ಲಿ ಮೈ ಎಡಬಲ ತಿರುಚುತ್ತದೆ. ಮರ ಬಗ್ಗುತ್ತದೆ, ತಗಡು ಬಗ್ಗುತ್ತದೆ, ಗಾಜು ಬಗ್ಗುವುದಿಲ್ಲ. ಅದಕ್ಕೇ ಬಿರುಕು ಹೆಚ್ಚಾಗಿ ಕೆಳಮೂಲೆಯಿಂದ ಏಳುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪು ಮತ್ತು ನಮ್ಮ ಮಹೀಂದ್ರ 1947ರಿಂದ ಜೋಡಿಸಲು ಆರಂಭಿಸಿದ ಜೀಪುಗಳದ್ದೂ ಮಡಚುವ ಫ್ರೇಮೇ. ಬಾನೆಟ್ ಮೇಲೆ ಮಲಗಿಸಿ ಕೊಂಡಿ ಹಾಕದೆ ಓಡಿಸಿದರೆ ಅದು ಕುಣಿದು ಕುಣಿದು ಒಡೆಯುತ್ತದೆ. ಅಡಿಗೆ ರಬ್ಬರ್ ಗುಬುಟು ಇರಲೇಬೇಕು.

1962ರಿಂದ 1980ರವರೆಗೆ ಬಂದ ಎಂ.ಜಿ.ಬಿ.ಯದು ಬೇರೆ ತಂಟೆ. ಬಾಗಿದ ಗ್ಲಾಸು, ಅಲ್ಯೂಮಿನಿಯಂ ಫ್ರೇಮು, ನಡುವೆ ಮೇಲಿನಿಂದ ಕೆಳಗೆ ಬಿಗಿಹಿಡಿದ ಒಂದು ಕಂಬಿ. ಒಳಗಿನ ಕನ್ನಡಿ ಕೂಡ ಆ ಕಂಬಿಗೇ ಕೂರುತ್ತದೆ. ಅದನ್ನು ಅತಿಯಾಗಿ ಬಿಗಿದರೆ ಗ್ಲಾಸಿಗೆ ಕುತ್ತು, ಸಡಿಲ ಬಿಟ್ಟರೆ ಫ್ರೇಮು ನಡುಗುತ್ತದೆ. ಫ್ರೇಮಿನ ಬೋಲ್ಟುಗಳು ಡ್ಯಾಶ್‌ಬೋರ್ಡಿನ ಒಳಗಿರುವುದರಿಂದ ಕೈ ತೂರಿಸುವುದೇ ಕಷ್ಟ.

ಇನ್ನು ನಮ್ಮ ದೇಶದ್ದೇ ಸ್ಪೋರ್ಟ್ಸ್ ಕಾರುಗಳು. ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನ ಸ್ಯಾನ್ ಸ್ಟಾರ್ಮ್ ಫೈಬರ್ ಗ್ಲಾಸ್ ಮೈಯ, ಎರಡು ಸೀಟಿನ ಕಾರು. ಎಂಜಿನ್ ರೆನೋದ 1149 ಸಿಸಿ. ಮಹಾರಾಷ್ಟ್ರದ ಅಲಿಬಾಗಿನ ಚಿಂಕಾರಾ ಮೋಟಾರ್ಸ್ ಕಟ್ಟಿದ ರೋಡ್‌ಸ್ಟರ್, 1957ರ ಲೋಟಸ್ ಸೆವೆನ್ ಎಂಬ ಇಂಗ್ಲಿಷ್ ಕಾರಿನ ಅಚ್ಚಿನದು. ಎರಡೂ ತಯಾರಾದದ್ದು ಸಣ್ಣ ಸಂಖ್ಯೆಯಲ್ಲಿ. ಕಡಿಮೆ ಮಾಡಿದ ಕಾರಿಗೆ ಬಿಡಿಭಾಗವೂ ಕಡಿಮೆ. ಆದರೆ ಸೆವೆನ್ ಮಾದರಿಯ ಕಾರಿನವರಿಗೆ ಒಂದು ಪುಣ್ಯವಿದೆ, ಅವರ ಗ್ಲಾಸು ಚಪ್ಪಟೆ. ಸ್ಟಾರ್ಮ್‌ನಂಥ ಬಾಗಿದ ಗ್ಲಾಸಿನವರಿಗೆ ಆ ಪುಣ್ಯ ಇಲ್ಲ.

ಮೊದಲು ಬಿರುಕನ್ನು ಓದಿ

ಗ್ಲಾಸು ಒಡೆದ ತಕ್ಷಣ ಅಂಗಡಿಗೆ ಓಡುವವರೇ ಹೆಚ್ಚು. ಒಂದು ನಿಮಿಷ ನಿಂತು ಬಿರುಕು ಎಲ್ಲಿಂದ ಹುಟ್ಟಿದೆ ನೋಡಬೇಕು. ಉಗುರಿನಿಂದ ಸವರಿದಾಗ ಒಂದು ಚಿಕ್ಕ ಕುಳಿ ಸಿಕ್ಕಿ, ಅಲ್ಲಿಂದ ನಕ್ಷತ್ರದಂತೆ ಗೆರೆಗಳು ಹರಡಿದ್ದರೆ ಅದು ಕಲ್ಲಿನ ಏಟು. ಕುಳಿಯೇ ಇಲ್ಲ, ಬಿರುಕು ಅಂಚಿನಿಂದಲೇ ಎದ್ದು ಒಳಗೆ ಹರಿದಿದೆ ಎಂದರೆ ಕಲ್ಲು ನಿರಪರಾಧಿ. ಫ್ರೇಮು ತಿರುಚಿದೆ, ಇಲ್ಲವೇ ಸ್ಕ್ರೂ ಬಿಗಿಯಾಗಿದೆ, ಇಲ್ಲವೇ ರಬ್ಬರಿನ ಅಡಿಯಲ್ಲಿ ತುಕ್ಕಿನ ಗಂಟು ಗಾಜನ್ನು ಒತ್ತುತ್ತಿದೆ. ಕಾರಣ ಹುಡುಕದೆ ಹೊಸ ಗ್ಲಾಸು ಹಾಕಿದರೆ ಅದೂ ಅದೇ ಜಾಗದಲ್ಲಿ ಒಡೆಯುತ್ತದೆ. ಎರಡು ಗ್ಲಾಸಿನ ದುಡ್ಡು ದಂಡ ಮಾಡಿಕೊಂಡವರಲ್ಲಿ ಬಹುಪಾಲು ಜನ ಎಡವಿದ್ದು ಇಲ್ಲೇ.

ಲ್ಯಾಮಿನೇಟೆಡ್ ಗ್ಲಾಸಿನಲ್ಲಿ ನಾಣ್ಯದಷ್ಟು ಚಿಕ್ಕ ಏಟು ಬಿದ್ದು, ಅದು ಡ್ರೈವರ್ ಕಣ್ಣಿನ ನೇರಕ್ಕೆ ಇಲ್ಲದಿದ್ದರೆ ಗ್ಲಾಸು ಬದಲಿಸಲೇಬೇಕೆಂದಿಲ್ಲ. ಕುಳಿಯೊಳಗೆ ರಾಳದಂಥ ದ್ರವ ತುಂಬಿ ಅಲ್ಟ್ರಾವಯೊಲೆಟ್ ದೀಪದಲ್ಲಿ ಗಟ್ಟಿ ಮಾಡುವ ವಿಧಾನವಿದೆ. ಬೆಂಗಳೂರಿನ ಗ್ಲಾಸು ರಿಪೇರಿಯವರು ಮಾಡಿಕೊಡುತ್ತಾರೆ. ಗುರುತು ಪೂರ್ತಿ ಮಾಯವಾಗದು, ಬಿರುಕು ಹರಿಯುವುದು ನಿಲ್ಲುತ್ತದೆ. ಅಲ್ಲಿಗೆ ಹೋಗುವವರೆಗೆ ಕುಳಿಯ ಮೇಲೆ ಸೆಲ್ಲೋಟೇಪ್ ಅಂಟಿಸಿ ಧೂಳು, ನೀರು ಸೇರದಂತೆ ಮಾಡಿ. ಬಿಸಿಲಲ್ಲಿ ಕಾದ ಗಾಜಿನ ಮೇಲೆ ತಣ್ಣೀರು ಎರಚಬೇಡಿ. ಜೋಳದ ಕಾಳಿನಷ್ಟಿದ್ದ ಗುರುತು ಮೊಳದುದ್ದ ಆಗುವುದು ಹೀಗೇ. ಟಫನ್ಡ್ ಗ್ಲಾಸಿಗೆ ಈ ರಿಪೇರಿ ಇಲ್ಲ.

ಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಮತ್ತೊಂದು ಕಾಯಿಲೆ ಇದೆ. ಅಂದಿನ ಸೆಲ್ಯುಲೋಸ್ ನೈಟ್ರೇಟ್ ಪದರ ಬಿಸಿಲಿಗೆ ಹಳದಿಯಾಗಿ, ಗುಳ್ಳೆ ಎದ್ದು, ಹಳೇ ಫೋಟೋದಂತೆ ಆಗುತ್ತದೆ. ಹೊಸ ಕಾಲದ ಗ್ಲಾಸಿನಲ್ಲೂ ಅಂಚಿಗೆ ತೇವ ಹೋದರೆ ಹಾಲಿನಂತೆ ಬಿಳಿ ಕಟ್ಟುತ್ತದೆ. ಬಿರುಕಿಲ್ಲದಿದ್ದರೂ ರಾತ್ರಿ ಎದುರಿನ ಲಾರಿಯ ಬೆಳಕು ಅದರಲ್ಲಿ ಚದುರಿ ರಸ್ತೆಯೇ ಕಾಣದು.

ಚಪ್ಪಟೆ ಗ್ಲಾಸು ಆದರೆ

ಎಂ.ಜಿ. ಟಿ ಸರಣಿ, ಲೋಟಸ್ ಸೆವೆನ್ ಮಾದರಿ, ಮಾರ್ಗನ್, ಹಳೇ ಜೀಪು, ಇವಕ್ಕೆಲ್ಲ ಚಪ್ಪಟೆ ಗ್ಲಾಸು. ಲ್ಯಾಮಿನೇಟೆಡ್ ಹಾಳೆಯನ್ನು ಅಳತೆಗೆ ಕತ್ತರಿಸಿ ಕೊಡಬಲ್ಲ ಗಾಜಿನ ಅಂಗಡಿ ಇದ್ದರೆ ಕೆಲಸ ಆದಂತೆ. ಟಫನ್ಡ್ ಗ್ಲಾಸನ್ನು ಹಾಗೆ ಕತ್ತರಿಸಲು ಬರುವುದಿಲ್ಲ, ಕಟ್ಟರ್ ತಾಗಿದರೆ ಪುಡಿ. ಅದನ್ನು ಮೊದಲೇ ಅಳತೆಗೆ ಕತ್ತರಿಸಿ, ಅಂಚು ತೇಯಿಸಿ, ಆಮೇಲೆ ಕುಲುಮೆಗೆ ಹಾಕಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ನಡುವಿನ ಪದರದ ದಪ್ಪ ಎಷ್ಟು ಎಂಬುದು. ಕಟ್ಟಡದ ಕೆಲಸದ ಲ್ಯಾಮಿನೇಟೆಡ್ ಹಾಳೆಯಲ್ಲಿ ಎಷ್ಟೋ ಸಲ 0.38 ಮಿ.ಮೀ. ಪದರ ಇರುತ್ತದೆ. ಕಾರಿಗೆ ಬೇಕಾದದ್ದು ಅದರ ಎರಡರಷ್ಟು, 0.76. ಎರಡನ್ನೂ ಪಕ್ಕದಲ್ಲಿಟ್ಟರೆ ಕಣ್ಣಿಗೆ ಒಂದೇ. ತಲೆ ಬಡಿದಾಗ ಒಂದೇ ಅಲ್ಲ. ವಾಹನದ ಗ್ಲಾಸಿನ ಐಎಸ್ ಮುದ್ರೆಯಿರುವ ಹಾಳೆಯನ್ನೇ ಕೇಳಿ, ಕತ್ತರಿಸುವಾಗ ಆ ಮುದ್ರೆ ನಿಮ್ಮ ತುಂಡಿನಲ್ಲಿ ಉಳಿಯುವಂತೆ ಗುರುತು ಹಾಕಿಸಿ. ನಾಳೆ ಇನ್‌ಶೂರೆನ್ಸ್‌ನವರೋ ಆರ್‌ಟಿಒ ಕಚೇರಿಯವರೋ ಕೇಳಿದರೆ ತೋರಿಸಲು ಅದೇ ಆಧಾರ.

ಒಡೆದ ಗ್ಲಾಸನ್ನು ಅಳೆದು ಹೊಸದನ್ನು ಕತ್ತರಿಸುವುದು ತಪ್ಪು. ಅದು ಮೊದಲಿನಿಂದಲೂ ಸರಿಯಾದ ಅಳತೆಯದು ಎಂದು ಯಾರು ಬಲ್ಲರು? ಖಾಲಿ ಫ್ರೇಮಿಗೆ ದಪ್ಪ ರಟ್ಟಿನ ಪಡಿಯಚ್ಚು ಮಾಡಿಕೊಳ್ಳಿ. ಫ್ರೇಮನ್ನು ಬಿಚ್ಚಿ, ಹಳೇ ರಬ್ಬರ್, ಒಣ ಪುಟ್ಟಿ, ತುಕ್ಕು ಎಲ್ಲ ಕೆರೆದು, ಸಮತಟ್ಟಾದ ಜಾಗದಲ್ಲಿ ಮಲಗಿಸಿ ನೋಡಿ. ಗ್ರಾನೈಟ್‌ಗೆ ಹೆಸರಾದ ಕೃಷ್ಣಗಿರಿ ಜಿಲ್ಲೆಯಲ್ಲಿ ಪಾಲಿಶ್ ಮಾಡಿದ ಒಂದು ಚಪ್ಪಡಿ ಸಿಗದೇ ಹೋಗದು. ಅದಕ್ಕಿಂತ ಒಳ್ಳೆಯ ಅಳತೆಪಟ್ಟಿ ಬೇರಿಲ್ಲ. ಒಂದು ಮೂಲೆ ಎತ್ತಿಕೊಂಡು ಫ್ರೇಮು ಲಟಕ್ ಲಟಕ್ ಆಡಿದರೆ ಅದು ತಿರುಚಿದೆ ಎಂದು ಅರ್ಥ. ಅದನ್ನು ನೇರ ಮಾಡಿಸಿದ ನಂತರವೇ ಗ್ಲಾಸಿನ ಮಾತು.

ರಟ್ಟನ್ನು ಫ್ರೇಮಿನ ಗಾಡಿಯೊಳಗೆ, ಅಂದರೆ ಗ್ಲಾಸು ಕೂರುವ ಕಾಲುವೆಯೊಳಗೆ ಕೂರಿಸಿ, ಸುತ್ತ ರಬ್ಬರ್ ಪಟ್ಟಿಗೆ ಜಾಗ ಬಿಟ್ಟು ಕತ್ತರಿಸಿ. ರಬ್ಬರಿನ ದಪ್ಪ ಕಳೆದ ಮೇಲೂ ಒಂದೆರಡು ಮಿ.ಮೀ. ಸಡಿಲ ಬೇಕು. 'ಟೈಟಾಗಿ ಕೂತರೆ ಗಟ್ಟಿ' ಎಂಬ ನಂಬಿಕೆ ಬಾಗಿಲು ಕಿಟಕಿಯ ಬಡಗಿ ಕೆಲಸಕ್ಕೆ ಸರಿ, ಇಲ್ಲಿ ಅಲ್ಲ. ಗ್ಲಾಸಿನ ದಪ್ಪ ವರ್ನಿಯರ್‌ನಲ್ಲಿ ಅಳೆದು ಅದನ್ನೂ ರಟ್ಟಿನ ಮೇಲೇ ಬರೆಯಿರಿ. ಯಾವ ಮುಖ ಹೊರಗೆ ಎಂಬುದನ್ನೂ ಬರೆಯಿರಿ. ಎಡಬಲ ಅದಲುಬದಲಾಗಿ ಕತ್ತರಿಸಿದ ಗ್ಲಾಸು ಏನಕ್ಕೂ ಬಾರದು.

ಲ್ಯಾಮಿನೇಟೆಡ್ ಹಾಳೆ ಕತ್ತರಿಸುವುದಕ್ಕೆ ಕೈ ಪಳಗಿರಬೇಕು. ಎರಡೂ ಮುಖದಲ್ಲಿ ಒಂದರ ನೇರಕ್ಕೆ ಒಂದು ಕಟ್ಟರ್ ಗೆರೆ ಎಳೆದು, ಎರಡೂ ಗಾಜನ್ನು ಮುರಿದು, ನಡುವಿನ ಪದರವನ್ನು ಬಿಸಿಯಿಂದ ಮೆದು ಮಾಡಿ ಬ್ಲೇಡಿನಲ್ಲಿ ಕತ್ತರಿಸುತ್ತಾರೆ. ಸ್ಪಿರಿಟ್ ಹರಿಸಿ ಬೆಂಕಿ ಹಚ್ಚಿ ಮೆದು ಮಾಡುವವರೂ ಇದ್ದಾರೆ, ನೋಡಿ ಕಲಿಯಲು ಹೋಗಬೇಡಿ. ಮುಖ್ಯವಾದದ್ದು ಅದಾದ ಮೇಲಿನ ಕೆಲಸ. ಅಂಚನ್ನು ಬೆಲ್ಟಿನಲ್ಲೋ ಕಲ್ಲಿನಲ್ಲೋ ನುಣ್ಣಗೆ ತೇಯಿಸಬೇಕು. ಕಟ್ಟರ್ ಬಿಟ್ಟ ಒರಟು ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಗಾಡಿ ಹತ್ತು ಹಳ್ಳ ಹಾರಿದರೆ ಅವುಗಳಲ್ಲಿ ಒಂದು ಬಿರುಕಾಗಿ ಬೆಳೆಯುತ್ತದೆ. 'ಅಂಚು ಹೇಗೂ ರಬ್ಬರಿನೊಳಗೆ ಹೋಗುತ್ತಲ್ಲ ಸಾರ್' ಎಂದು ಅಂಗಡಿಯವರು ಹೇಳಬಹುದು. ಒಪ್ಪಬೇಡಿ.

ಕೂರಿಸುವಾಗ ಗ್ಲಾಸಿಗೆ ಸುತ್ತ ರಬ್ಬರ್ ಪಟ್ಟಿ ತೊಡಿಸಿ, ಸೋಪು ನೀರು ಸವರಿ, ಫ್ರೇಮನ್ನು ಮೇಲಿನಿಂದ ಇಳಿಸಬೇಕು. ಸೀಮೆಎಣ್ಣೆ, ಗ್ರೀಸು, ಪೆಟ್ರೋಲು ಹಚ್ಚಿದರೆ ಸುಲಭವಾಗಿ ಜಾರುತ್ತದೆ ನಿಜ, ಆದರೆ ರಬ್ಬರು ಊದಿ ಕೊಳೆಯುತ್ತದೆ. ಲೋಹ ಎಲ್ಲಿಯೂ ಗಾಜನ್ನು ಮುಟ್ಟಬಾರದು. ಸ್ಕ್ರೂಗಳನ್ನೆಲ್ಲ ಕೈಯಿಂದ ತಿರುಗುವಷ್ಟೇ ಹಾಕಿ, ನಂತರ ಎದುರು ಬದುರಾಗಿ ಕಾಲು ಸುತ್ತು ಕಾಲು ಸುತ್ತು ಬಿಗಿಯುತ್ತ ಬರಬೇಕು. ಒಂದು ಕಡೆಯದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಫ್ರೇಮು ಓರೆಯಾಗುತ್ತದೆ. ಕಾರಿನ ಮೈಗೆ ಜೋಡಿಸುವಾಗ ರಂಧ್ರ ಕೂಡಲಿಲ್ಲವೆಂದು ಫ್ರೇಮನ್ನು ತಳ್ಳಿ ಬೋಲ್ಟು ತೂರಿಸಬಾರದು. ಅಡಿಗೆ ವಾಷರ್ ಕೊಟ್ಟು ಎತ್ತರ ಹೊಂದಿಸಬೇಕು. ತುಸು ಒತ್ತಿ ತೂರಿಸಿದ ಆ ಒಂದು ಬೋಲ್ಟು ರಾತ್ರಿಯಿಡೀ ಗಾಜನ್ನು ತಿರುಚುತ್ತಲೇ ಇರುತ್ತದೆ. ಬೆಳಗ್ಗೆ ಶೆಡ್ಡಿನ ಬಾಗಿಲು ತೆರೆದರೆ, ನಿಂತ ಕಾರಿನ ಗ್ಲಾಸು ಮೂಲೆಯಿಂದ ಮೂಲೆಗೆ ಬಿರಿದಿರುತ್ತದೆ. ದೃಷ್ಟಿಯಾಯಿತು ಎಂದು ನಿಂಬೆಹಣ್ಣು ಕಟ್ಟಿದವರುಂಟು.

ಬಾಗಿದ ಗ್ಲಾಸು ಆದರೆ

ಇಲ್ಲಿ ಕಷ್ಟವೇ ಜಾಸ್ತಿ. ಬಾಗಿದ ಗ್ಲಾಸಿಗೆ ಅಚ್ಚು ಬೇಕು. ಎರಡು ಹಾಳೆಗಳನ್ನು ಅಚ್ಚಿನ ಮೇಲೆ ಮಲಗಿಸಿ ಕಾಯಿಸಿ ಬಗ್ಗಿಸಿ, ನಡುವೆ ಪದರ ಇಟ್ಟು, ಬಿಸಿ ಮತ್ತು ಒತ್ತಡದ ದೊಡ್ಡ ಸಿಲಿಂಡರಿನಲ್ಲಿ ಅಂಟಿಸಬೇಕು. ಒಂದು ಗ್ಲಾಸಿಗಾಗಿ ದೊಡ್ಡ ಕಂಪನಿಗಳು ಇಷ್ಟೆಲ್ಲ ಮಾಡುವುದಿಲ್ಲ. ನಮ್ಮಲ್ಲಿ ವಾಹನದ ಗ್ಲಾಸು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದೇ 1980ರ ದಶಕದಲ್ಲಿ, ಮಾರುತಿ ಕಾರಿನ ಜತೆಗೆ. ಇಂದು ಅಸಾಹಿ ಇಂಡಿಯಾ ಎನ್ನುವ ಕಂಪನಿ 1984ರಲ್ಲಿ ಆರಂಭವಾದದ್ದು ಇಂಡಿಯನ್ ಆಟೋ ಸೇಫ್ಟಿ ಗ್ಲಾಸ್ ಎಂಬ ಹೆಸರಿನಲ್ಲಿ. ಅವರ ಲೆಕ್ಕ ಸಾವಿರ, ಲಕ್ಷದ್ದು. ನಿಮ್ಮದು ಒಂದು.

ಹಾಗಾಗಿ ದಾರಿಗಳು ಕೆಲವೇ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಜಿ.ಪಿ. ರಸ್ತೆ, ಈ ನಾಲ್ಕು ಕಡೆ ಕಾಲು ಸವೆಸುವುದು ಮೊದಲನೆಯದು. ಗಡಿಯಲ್ಲಿರುವ ನಮಗೆ ಎರಡೂ ರಾಜಧಾನಿಗಳ ಪೇಟೆ ಭಾಷೆ ಬರುತ್ತದೆ, ಇದು ಸಣ್ಣ ಅನುಕೂಲವಲ್ಲ. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ಕಾರು ಮಾಡಿದ್ದರಿಂದ ಆ ಕುಟುಂಬದ ಸಾಮಾನು ಹುಡುಕುವವರು ಮೊದಲು ಚೆನ್ನೈಗೇ ಹೋಗುವುದು ಲೇಸು. ಹಳೇ ಗ್ಲಾಸು ಸಿಕ್ಕರೆ ಅಂಚನ್ನು ಸುತ್ತಲೂ ನೋಡಿ, ವೈಪರ್ ಗೀರನ್ನು ಬೆಳಕಿಗೆ ಹಿಡಿದು ನೋಡಿ.

ಎರಡನೆಯದು ಹೊರದೇಶದಿಂದ ತರಿಸುವುದು. ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳ ಭಾಗಗಳನ್ನು ಮಾಸ್‌ನಂಥ ಸಂಸ್ಥೆಗಳು ಇಂದಿಗೂ ಮಾರುತ್ತವೆ. ಗ್ಲಾಸಿನ ಬೆಲೆಗಿಂತ ಮರದ ಪೆಟ್ಟಿಗೆ, ವಿಮಾನದ ಬಾಡಿಗೆ, ಕಸ್ಟಮ್ಸ್ ಸುಂಕ ಸೇರಿದ ಮೊತ್ತ ಕೈ ಸುಡುತ್ತದೆ. ದಾರಿಯಲ್ಲಿ ಒಡೆದರೆ ಯಾರು ಹೊಣೆ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಪೆಟ್ಟಿಗೆ ಬಂದ ದಿನ ತೆರೆಯುವಾಗಲೇ ಫೋಟೋ ತೆಗೆಯಿರಿ. ಮೂರನೆಯದು, ಸಣ್ಣ ಕುಲುಮೆಯವರಲ್ಲಿ ಅಚ್ಚು ಮಾಡಿಸುವುದು. ಇದಕ್ಕೆ ಒಡೆಯದ ಒಂದು ಮಾದರಿ ಗ್ಲಾಸು ಬೇಕು. ಅದೇ ಕಾರು ಇಟ್ಟಿರುವ ಇನ್ನೊಬ್ಬರು ಕೊಟ್ಟಾರೇ ಎಂಬುದು ಸ್ನೇಹದ ಮೇಲೆ ನಿಂತದ್ದು. ಬೇರೆ ಕಾರಿನ ಗ್ಲಾಸಿನ ಬಾಗು ಹೊಂದುತ್ತದೆಂದು ಕತ್ತರಿಸಿ ಕೂರಿಸುವವರೂ ಇದ್ದಾರೆ. ಬಾಗಿದ ಗಾಜನ್ನು ಕತ್ತರಿಸುವಾಗ ಉಳಿಯುವುದು ಅದೃಷ್ಟ.

ಬಾಗಿದ ಗ್ಲಾಸಿನ ಹೆರಾಲ್ಡ್, ಅಂಬಾಸಿಡರ್, ಪದ್ಮಿನಿಯಂಥ ಕಾರುಗಳಲ್ಲಿ ಫ್ರೇಮಿನ ಬದಲು ರಬ್ಬರ್ ಬೀಡಿಂಗ್. ಇದನ್ನು ಕೂರಿಸುವ ಉಪಾಯ ಚೆಂದದ್ದು. ಬೀಡಿಂಗನ್ನು ಗ್ಲಾಸಿಗೆ ತೊಡಿಸಿ, ಕಾರಿನ ತಗಡಿನ ಅಂಚು ಕೂರುವ ಕಾಲುವೆಯೊಳಗೆ ಸುತ್ತಲೂ ಗಟ್ಟಿ ದಾರ ಇಟ್ಟು, ಎರಡು ತುದಿಗಳನ್ನು ಕೆಳಗೆ ನಡುವೆ ಒಂದರ ಮೇಲೊಂದು ಬರುವಂತೆ ಒಳಗೆ ಇಳಿಬಿಡುತ್ತಾರೆ. ಹೊರಗಿನಿಂದ ಒಬ್ಬರು ಅಂಗೈಯಿಂದ ಒತ್ತುತ್ತಿರಬೇಕು. ಒಳಗೆ ಕೂತವರು ದಾರ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಮೇಲೆ ತಾನೇ ಮಗುಚಿಕೊಳ್ಳುತ್ತದೆ. ಗುದ್ದುವುದು, ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಬೇಡ. ರಬ್ಬರು ಹಳೆಯದಾಗಿ ಗಟ್ಟಿಯಾಗಿದ್ದರೆ ಹೊಸ ಗ್ಲಾಸಿಗೆ ಹೊಸ ಬೀಡಿಂಗೇ ಆಗಬೇಕು, ಅಲ್ಲಿ ಜಿಪುಣತನ ಸಲ್ಲ. ಇಂದಿನ ಕಾರುಗಳ ಗ್ಲಾಸನ್ನು ಅಂಟಿನಿಂದ ಕೂರಿಸುತ್ತಾರೆ, ಆ ದಾರಿಯನ್ನು ಹಳೇ ಬೀಡಿಂಗ್ ಕಾರಿಗೆ ಹಿಡಿದರೆ ಮುಂದೆ ಗ್ಲಾಸು ತೆಗೆಯಲು ಗ್ಲಾಸನ್ನೇ ಬಲಿ ಕೊಡಬೇಕು.

ಅಗ್ಗಕ್ಕೆ ಅಕ್ರಿಲಿಕ್ ಹಾಳೆ ಹಾಕಬಹುದಲ್ಲ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ವೈಪರ್ ಮತ್ತು ಧೂಳು ಸೇರಿ ಬೇಗನೆ ಅದನ್ನು ಮಂಜು ಮಾಡುತ್ತವೆ. ಕಾನೂನಿಗೂ ಅದು ಹೊಂದದು.

ಕಾನೂನು, ಇನ್‌ಶೂರೆನ್ಸ್

ಗಡಿಯ ಈಚೆ ಆಚೆ ನಿಯಮ ಒಂದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಗ್ಲಾಸು ಸುರಕ್ಷಾ ಗಾಜಿನದ್ದೇ ಆಗಿರಬೇಕು. 1990ರ ದಶಕದ ಮಧ್ಯದಿಂದ ಈಚೆಗೆ ತಯಾರಾದ ಗಾಡಿಗಳ ಮುಂದಿನ ಗ್ಲಾಸು ಲ್ಯಾಮಿನೇಟೆಡ್ ಇರಬೇಕೆಂಬ ನಿಯಮ ಬಂತು. ಹಳೇ ಕಾರಿನಲ್ಲಿ ಟಫನ್ಡ್ ಇದ್ದರೆ ಅದು ತಪ್ಪಲ್ಲ, ಆದರೆ ಬದಲಿಸುವಾಗ ಮತ್ತೆ ಅದನ್ನೇ ಹಾಕಿಸುವುದು ಬುದ್ಧಿವಂತಿಕೆಯಲ್ಲ. ಮುಂದಿನ, ಹಿಂದಿನ ಗ್ಲಾಸು ಕನಿಷ್ಠ 70%, ಪಕ್ಕದವು 50% ಬೆಳಕು ಬಿಡಬೇಕು. ಕಪ್ಪು ಫಿಲ್ಮ್ ಅಂಟಿಸುವುದಕ್ಕೆ ಸುಪ್ರೀಂ ಕೋರ್ಟು 2012ರ ಏಪ್ರಿಲ್‌ನಲ್ಲಿ ತಡೆ ಹಾಕಿದ್ದು ನೆನಪಿರಬಹುದು.

50 ವರ್ಷ ದಾಟಿದ ಕಾರುಗಳಿಗೆ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಎಂದಿರುತ್ತದೆ. ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷದ ನಂತರದ ನೋಂದಣಿಗೆ 5,000 ರೂ. ಎಂದು ಆಗ ಗೊತ್ತುಪಡಿಸಲಾಯಿತು. ಷಾಸಿ, ಮೈ, ಎಂಜಿನ್ನಿನ ಮೂಲರೂಪ ಬದಲಾಗಿರಬಾರದು ಎಂಬುದು ಷರತ್ತು. ಒಡೆದ ಗ್ಲಾಸಿಗೆ ಅದೇ ಆಕಾರದ ಗ್ಲಾಸು ಹಾಕಿಸುವುದು ಅಂಥ ಬದಲಾವಣೆಯಲ್ಲ.

ಇನ್‌ಶೂರೆನ್ಸ್ ವಿಷಯದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲವಿದೆ. ಸ್ವಂತ ಗಾಡಿಯ ಹಾನಿಗೂ ಪಾಲಿಸಿ ಇದ್ದರೆ, ಮೋಟಾರ್ ಟಾರಿಫ್‌ನ ಲೆಕ್ಕದಲ್ಲಿ ಗಾಜಿನ ಭಾಗಕ್ಕೆ ಸವಕಳಿ ಕಳೆಯುವುದಿಲ್ಲ. ಕಾರು ಎಷ್ಟು ಹಳತಾದರೂ ಸರಿ. ರಬ್ಬರ್, ಪ್ಲಾಸ್ಟಿಕ್‌ಗೆ ಮಾತ್ರ 50% ಕಳೆಯುತ್ತಾರೆ, ಫೈಬರ್ ಗ್ಲಾಸ್ ಭಾಗಕ್ಕೆ 30%. ಅಂದರೆ ಗ್ಲಾಸಿಗೆ ಪೂರ್ತಿ, ಬೀಡಿಂಗಿಗೆ ಅರ್ಧ. 1500 ಸಿಸಿವರೆಗಿನ ಕಾರಿಗೆ 1,000 ರೂ., ಅದಕ್ಕೆ ಮೇಲ್ಪಟ್ಟರೆ 2,000 ರೂ. ನಿಮ್ಮ ಕೈಯಿಂದ. ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗಬಹುದು, ಹಾಗಾಗಿ ಅಂಗಡಿಯಲ್ಲಿ ಕತ್ತರಿಸಿದ ಚಪ್ಪಟೆ ಗ್ಲಾಸಿಗೆ ಕ್ಲೇಮು ಲಾಭವೇ ಎಂದು ಕೂಡಿ ಕಳೆದು ನೋಡಿ. ತರಿಸಿದ ಬಾಗಿದ ಗ್ಲಾಸಿನ ಲೆಕ್ಕ ಬೇರೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಂದು ಪೈಸೆಯೂ ಬರದು. ಸರ್ವೇಯರ್ ನೋಡುವ ಮೊದಲು ಒಡೆದ ಗ್ಲಾಸು ತೆಗೆಯಬೇಡಿ.

ಕೆಲಸ ಮುಗಿದ ಮೇಲೆ

ಹಳೇ ಗ್ಲಾಸು ತೆಗೆಯುವಾಗ ಕೈಗೆ ದಪ್ಪ ಗ್ಲೌಸು, ಕಣ್ಣಿಗೆ ಕನ್ನಡಕ ಇರಬೇಕು ಎಂದು ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗಳ ಬಗ್ಗೆ. ಪುಡಿ ಗಾಜು ಆ ಕಿಂಡಿಯೊಳಗೆ ಬೀಳುತ್ತದೆ. ವಾರದ ನಂತರ ಮಳೆಯಲ್ಲಿ ಬ್ಲೋವರ್ ಹಾಕಿದಾಗ ನೇರ ಡ್ರೈವರ್ ಕಣ್ಣಿಗೆ ಹಾರುತ್ತದೆ. ಕೆಲಸಕ್ಕೆ ಮುಂಚೆ ಕಿಂಡಿಗಳಿಗೆ ಬಟ್ಟೆ ತುರುಕಿ, ಆಮೇಲೆ ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಿರಿ. ವೈಪರ್ ರಬ್ಬರಿನಲ್ಲಿ ಸಿಕ್ಕಿಕೊಂಡ ಒಂದು ಚೂರು ಸಾಕು, ಹೊಸ ಗ್ಲಾಸಿನ ಮೇಲೆ ಮೊದಲ ದಿನವೇ ಕಾಮನಬಿಲ್ಲಿನ ಆಕಾರದ ಗೀರು ಬೀಳಲು. ವೈಪರ್ ಬ್ಲೇಡು ಬದಲಿಸಿಬಿಡುವುದೇ ವಾಸಿ.

ಪೈಪಿನಲ್ಲಿ ನೀರು ಬಿಟ್ಟು ಸೋರಿಕೆ ನೋಡಿ, ಮೇಲಿನಿಂದಲ್ಲ, ಕೆಳ ಅಂಚಿನಿಂದ ಶುರು ಮಾಡಿ. ಸೋರುವ ಜಾಗ ಆಗ ಗೊತ್ತಾಗುತ್ತದೆ. ಹುಡ್ ಎಳೆದು ಕೊಂಡಿ ಹಾಕಿ, ಫ್ರೇಮು ಹಿಂದಕ್ಕೆ ಬಾಗುತ್ತದೆಯೇ ಗಮನಿಸಿ. ಕುಗ್ಗಿದ ಕ್ಯಾನ್ವಾಸನ್ನು ಬಲವಂತವಾಗಿ ಎಳೆದರೆ ಗ್ಲಾಸು ಹೋದಂತೆಯೇ. ಮೊದಲ ಓಟ ಹೆದ್ದಾರಿಯಲ್ಲಿ ಬೇಡ, ಊರೊಳಗಿನ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಬಂದು ಸ್ಕ್ರೂಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ರಬ್ಬರು ಕೂತು ಸಡಿಲವಾಗಿದ್ದರೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಹತ್ತುವವರಿಗೆ ಫ್ರೇಮು ಹಿಡಿಯಬೇಡಿ ಎಂದು ಹೇಳಿ, ಅತ್ತೆ ಮಾವನಾದರೂ ಸರಿ.

ಹಳೇ ಮಾದರಿ ಕಾರಿಗೆ ಯಾವ ಗ್ಲಾಸು, ಯಾವ ಫ್ರೇಮು ಒಪ್ಪುತ್ತದೆ ಎಂದು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹಕ್ಕೋ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ 'ಪಯಣ' ಮ್ಯೂಸಿಯಮ್ಮಿಗೋ ಹೋಗಿ ಬರಬಹುದು. ಅಳತೆ ತೆಗೆಯಲು ಬಿಡುವುದಿಲ್ಲ, ನೋಡಲು ಅಡ್ಡಿಯಿಲ್ಲ.

ಆ ರಟ್ಟಿನ ಪಡಿಯಚ್ಚನ್ನು ಮಾತ್ರ ಎಸೆಯಬೇಡಿ. ಕಾರಿನ ಹೆಸರು, ಇಸವಿ, ಗ್ಲಾಸಿನ ದಪ್ಪ, ಹೊರಮುಖ ಯಾವುದು ಎಂದು ಬರೆದು, ಇಲಿ ಮತ್ತು ಮಳೆ ತಾಗದ ಕಡೆ ಶೆಡ್ಡಿನ ಗೋಡೆಗೆ ತೂಗುಹಾಕಿ. ಒಡೆದ ಗ್ಲಾಸಿನ ಮುದ್ರೆಯಿರುವ ಮೂಲೆ ಉಳಿದಿದ್ದರೆ ಅದನ್ನೂ ಬಟ್ಟೆಯಲ್ಲಿ ಸುತ್ತಿ ಅಲ್ಲೇ ಇಡಿ.